ದಿನಬಳಕೆಯ ಮಡಚುವ ಚಾಕು: ಆರಿಸುವ, ಮಸೆಯುವ, ವರ್ಷಗಟ್ಟಲೆ ಬಾಳಿಸುವ ಕ್ರಮ

ಜೇಬಿನಲ್ಲಿ ಸದಾ ಇರಬೇಕಾದ ಮಡಚುವ ಚಾಕುವನ್ನು ಕೊಳ್ಳುವಾಗ ಗಮನ ಸೆಳೆಯುವ ಸಂಗತಿಗಳೇ ಬೇರೆ, ಅದನ್ನು ಹಲವು ವರ್ಷ ಬಳಸಿದ ಮೇಲೆ ಮುಖ್ಯವೆನಿಸುವ ಸಂಗತಿಗಳೇ ಬೇರೆ. ಹೊಸತರಲ್ಲಿ ಉಕ್ಕಿನ ಹೆಸರು, ಹಿಡಿಯ ಅಂದ, ತೆರೆಯುವಾಗಿನ ಗರಿಗರಿ ಸದ್ದು ಕಣ್ಣಿಗೂ ಕಿವಿಗೂ ಹಿತವಾಗುತ್ತವೆ. ಕಾಲ ಕಳೆದಂತೆ ಚಾಕು ಕೆಲಸಕ್ಕೆ ಬರುತ್ತದೆಯೇ ಇಲ್ಲವೇ ಎಂಬುದನ್ನು ತೀರ್ಮಾನಿಸುವುದು ಬಾಯಿಯ (ಕತ್ತರಿಸುವ ಅಂಚಿನ) ಹಿಂದಿನ ದಪ್ಪ, ಕೀಲಿನ ಬಿಗಿ, ತೆರೆದ ಅಲಗು ಮಡಚಿಕೊಳ್ಳದಂತೆ ಹಿಡಿಯುವ ಲಾಕಿನ ಸವೆತ ಮತ್ತು ಅದನ್ನು ಮಸೆಯುವ ಕೈ. ಹಲವು ಬಗೆಯ ಚಾಕುಗಳನ್ನು ದೀರ್ಘಕಾಲ ಬಳಸಿದ ಅನುಭವದಿಂದ ನನಗೆ ಖಚಿತವಾಗಿರುವುದೇನೆಂದರೆ, ತೆಳುವಾದ ಅಲಗಿನ ಸಾಧಾರಣ ಉಕ್ಕಿನ ಚಾಕುವನ್ನು ಸರಿಯಾಗಿ ಮಸೆದಿಟ್ಟುಕೊಂಡರೆ, ದುಬಾರಿ ಉಕ್ಕಿನ ದಪ್ಪ ಚಾಕು ಅದರ ಹತ್ತಿರಕ್ಕೂ ಬರುವುದಿಲ್ಲ. ಕೆಳಗಿನ ಕ್ರಮವನ್ನು ಆ ನಿಲುವಿನಿಂದಲೇ ಬರೆದಿದ್ದೇನೆ.

ಮೊದಲು ಕೆಲಸವನ್ನು ಗುರುತಿಸಿ

ಚಾಕು ಆರಿಸುವ ಮುನ್ನ ಒಂದು ವಾರದಲ್ಲಿ ಏನೇನು ಕತ್ತರಿಸಬೇಕಾಯಿತು ಎಂದು ಬರೆದಿಡಿ. ಬಹುತೇಕರ ಪಟ್ಟಿಯಲ್ಲಿ ರಟ್ಟಿನ ಪೆಟ್ಟಿಗೆ, ಅಂಟುಪಟ್ಟಿ, ಪ್ಲಾಸ್ಟಿಕ್ ಹೊದಿಕೆ, ದಾರ, ಹಗ್ಗ, ಲಕೋಟೆ, ಹಣ್ಣು ಇಷ್ಟೇ ಇರುತ್ತವೆ. ಇವುಗಳಲ್ಲಿ ಯಾವುದಕ್ಕೂ 8 ಸೆಂಟಿಮೀಟರಿಗಿಂತ ಉದ್ದದ ಅಲಗು ಬೇಕಾಗುವುದು ಅಪರೂಪ. ಬೆನ್ನಿನ ಬಳಿ 2ರಿಂದ 2.5 ಮಿಲಿಮೀಟರ್ ದಪ್ಪವಿದ್ದರೆ ಬೇಕಾದಷ್ಟಾಯಿತು. 4 ಮಿಲಿಮೀಟರ್ ದಪ್ಪದ ಅಲಗುಗಳನ್ನು ಗಟ್ಟಿತನದ ಹೆಸರಿನಲ್ಲಿ ಮಾರುತ್ತಾರಾದರೂ, ಅಂಥ ಅಲಗು ಗಟ್ಟಿ ಹಣ್ಣನ್ನು ಕತ್ತರಿಸುವ ಬದಲು ಸೀಳುತ್ತದೆ, ರಟ್ಟಿನಲ್ಲಿ ಅರ್ಧ ದಾರಿಗೇ ಸಿಕ್ಕಿಕೊಳ್ಳುತ್ತದೆ. ಫ್ರಾನ್ಸಿನ ಸವೋಯ್ ಪ್ರಾಂತ್ಯದಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ರೂಪಿಸಿದ ಮರದ ಹಿಡಿಯ ಚಾಕು ಇಂದಿಗೂ ಬಳಕೆಯಲ್ಲಿರುವುದಕ್ಕೆ ಅದರ ತೆಳುವೇ ದೊಡ್ಡ ಕಾರಣವೆಂದು ನಾನು ನಂಬುತ್ತೇನೆ. ಅದರ 8ನೇ ಸಂಖ್ಯೆಯ ಮಾದರಿಗೆ 8.5 ಸೆಂಟಿಮೀಟರಿನ ಅಲಗಿದ್ದು, ಅದರ ದಪ್ಪ 2 ಮಿಲಿಮೀಟರಿಗಿಂತ ಕಡಿಮೆ.

ತೂಕವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. 120 ಗ್ರಾಂ ದಾಟಿದ ಚಾಕು ಮೊದಲ ಕೆಲವು ತಿಂಗಳು ಜೇಬಿನಲ್ಲಿದ್ದು, ಆಮೇಲೆ ಮೇಜಿನ ಖಾನೆ ಸೇರುವುದೇ ಹೆಚ್ಚು. ಬೇಕಾದಾಗ ಕೈಗೆ ಸಿಗದ ಚಾಕು ಎಷ್ಟು ಒಳ್ಳೆಯದಾಗಿದ್ದರೂ ಪ್ರಯೋಜನವಿಲ್ಲ.

ಲಾಕ್ ಯಾವುದು, ಅದು ಹೇಗೆ ಸವೆಯುತ್ತದೆ

ಲಾಕ್ ಇಲ್ಲದೆ ಹಿಡಿಯ ಬೆನ್ನಿನಲ್ಲಿರುವ ಸ್ಪ್ರಿಂಗಿನ ಒತ್ತಡದಿಂದಷ್ಟೇ ನಿಲ್ಲುವ ಚಾಕುಗಳು ಎಲ್ಲಕ್ಕಿಂತ ಸರಳ. ಸ್ವಿಟ್ಜರ್ಲೆಂಡಿನಲ್ಲಿ ಕಾರ್ಲ್ ಎಲ್ಸೆನರ್ 1884ರಲ್ಲಿ ತೆರೆದ ಕಾರ್ಯಾಗಾರದಿಂದ ಬೆಳೆದ ವಿಕ್ಟೋರಿನಾಕ್ಸ್ ಸಂಸ್ಥೆಯ ಹೆಸರಾಂತ ಕೆಂಪು ಚಾಕುಗಳಲ್ಲಿ ಹೆಚ್ಚಿನವು ಈ ಬಗೆಯವು. ಇವುಗಳಲ್ಲಿ ಸವೆದು ಕೆಡುವ ಭಾಗ ಕಡಿಮೆ. ಸ್ಪ್ರಿಂಗ್ ಮತ್ತು ಅಲಗಿನ ಬುಡದ ನಡುವೆ ಕಸ ಸೇರದಂತೆ ನೋಡಿಕೊಂಡರೆ ದಶಕಗಳ ಕಾಲ ನಡೆಯುತ್ತವೆ. ಆದರೆ ಅಲಗಿನ ಬೆನ್ನಿನ ಮೇಲೆ ಒತ್ತಡ ಬಿದ್ದರೆ ಚಾಕು ಬೆರಳಿನ ಮೇಲೆಯೇ ಮಡಚಿಕೊಳ್ಳುತ್ತದೆ ಎಂಬುದನ್ನು ಬಳಸುವವರು ಎಂದೂ ಮರೆಯಬಾರದು. ತುದಿಯಿಂದ ಚುಚ್ಚುವ ಕೆಲಸಕ್ಕೆ ಇವು ತಕ್ಕವಲ್ಲ.

ಲೈನರ್ ಲಾಕ್ ಎಂಬುದು ಹಿಡಿಯ ಒಳಗಿನ ತೆಳು ಲೋಹದ ಪಟ್ಟಿಯೊಂದು ಪಕ್ಕಕ್ಕೆ ಬಾಗಿ ಅಲಗಿನ ಬುಡಕ್ಕೆ ಆಸರೆಯಾಗಿ ನಿಲ್ಲುವ ವ್ಯವಸ್ಥೆ. ಅದರ ಇಂದಿನ ರೂಪ 1980ರ ದಶಕದಲ್ಲಿ ಅಮೆರಿಕದ ಚಾಕು ತಯಾರಕ ಮೈಕಲ್ ವಾಕರ್ ಅವರಿಂದ ಬಂತು. ಹಿಡಿಯ ಒಂದು ಬದಿಯನ್ನೇ ಲಾಕ್ ಪಟ್ಟಿಯಾಗಿಸಿದ ಫ್ರೇಮ್ ಲಾಕ್ ಅದರ ಮುಂದುವರಿಕೆ. ಎರಡರಲ್ಲೂ ಸವೆತವನ್ನು ಕಣ್ಣಿನಿಂದಲೇ ಅಳೆಯಬಹುದು. ಹೊಸದಾಗಿದ್ದಾಗ ಪಟ್ಟಿಯ ತುದಿ ಅಲಗಿನ ಬುಡದ ಅಗಲದಲ್ಲಿ ಕಾಲು ಭಾಗದಿಂದ ಅರ್ಧದವರೆಗೆ ಆವರಿಸಿರುತ್ತದೆ. ಬಳಕೆಯಿಂದ ಉಜ್ಜಿಕೊಂಡಂತೆ ಅದು ನಿಧಾನವಾಗಿ ಎದುರು ಬದಿಯತ್ತ ಸರಿಯುತ್ತದೆ. ಎದುರಿನ ಗೋಡೆಗೆ ತಾಗಿದ ಮೇಲೆ ಮುಂದೆ ಸರಿಯಲು ಜಾಗವಿಲ್ಲದ್ದರಿಂದ ಅಲಗು ಅಲುಗಾಡತೊಡಗುತ್ತದೆ. ಆದ್ದರಿಂದ ಕೊಂಡ ದಿನವೇ ಪಟ್ಟಿಯ ಸ್ಥಾನದ ಫೋಟೋ ತೆಗೆದಿಟ್ಟುಕೊಂಡು ಆರು ತಿಂಗಳಿಗೊಮ್ಮೆ ಹೋಲಿಸಿ ನೋಡಿ. ಟೈಟಾನಿಯಂ ಪಟ್ಟಿ ಹದಗೊಳಿಸಿದ ಉಕ್ಕಿಗಿಂತ ಮೃದುವಾದ್ದರಿಂದ ಬೇಗ ಸವೆಯಬಹುದು, ಕೆಲವೊಮ್ಮೆ ಅಲಗಿಗೆ ಅಂಟಿದಂತಾಗಿ ಬಿಡಿಸಲು ಕಷ್ಟವಾಗಬಹುದು. ಇದನ್ನು ತಪ್ಪಿಸಲು ಹಲವು ತಯಾರಕರು ಪಟ್ಟಿಯ ತುದಿಗೆ ಉಕ್ಕಿನ ಚೂರು ಕೂರಿಸುತ್ತಾರೆ. ದೀರ್ಘಕಾಲ ಇಟ್ಟುಕೊಳ್ಳುವ ಉದ್ದೇಶವಿದ್ದರೆ ಅಂಥದನ್ನೇ ಆರಿಸುವುದು ಮೇಲು.

ಹಿಡಿಯ ಬೆನ್ನಿನ ಮೇಲೆ ಒತ್ತಿ ಬಿಡಿಸುವ ಲಾಕ್‌ಬ್ಯಾಕ್ ಚಾಕುಗಳು ಗಟ್ಟಿಮುಟ್ಟಾದವು. ಅವುಗಳ ಶತ್ರು ಜೇಬಿನ ನೂಲು. ಲಾಕ್ ಕೂರುವ ಕಚ್ಚಿನಲ್ಲಿ ನೂಲು ತುಂಬಿದರೆ ಲಾಕ್ ಪೂರ್ತಿ ಕೂರದೆ, ಕೂತಂತೆ ಮಾತ್ರ ಕಾಣುತ್ತದೆ. ಕಂಬಿಯೊಂದು ಅಡ್ಡಲಾಗಿ ಜಾರಿ ಅಲಗನ್ನು ಹಿಡಿಯುವ ಲಾಕ್‌ಗಳಲ್ಲಿ ಕೂದಲೆಳೆಯಂಥ ಸಣ್ಣ ಸ್ಪ್ರಿಂಗ್‌ಗಳಿರುತ್ತವೆ, ಅವು ಎಂದಾದರೊಂದು ದಿನ ಮುರಿಯಬಹುದು. ಸಾಮಾನ್ಯವಾಗಿ ಬದಿಗೊಂದರಂತೆ ಎರಡಿರುವುದರಿಂದ ಒಂದು ಮುರಿದರೂ ಚಾಕು ನಡೆಯುತ್ತದೆ, ಆದರೆ ಕಂಬಿಯ ಚಲನೆ ಓರೆಯಾದಂತೆ ಅನಿಸಿದ ಕೂಡಲೇ ಸ್ಪ್ರಿಂಗ್ ಬದಲಿಸಿ. ಒಪಿನೆಲ್ ಚಾಕುವಿಗೆ 1955ರಲ್ಲಿ ಸೇರಿದ ತಿರುಗುವ ಉಂಗುರದ ಲಾಕ್ ತಾನಾಗಿ ಕೆಡುವುದು ವಿರಳ; ಅಲ್ಲಿ ತೊಂದರೆ ಕೊಡುವುದು ಮರ. ಒದ್ದೆಯಾದ ಮರ ಉಬ್ಬಿ ಅಲಗನ್ನು ಬಿಗಿಯಾಗಿ ಹಿಡಿದುಬಿಡುತ್ತದೆ. ನೆರಳಿನಲ್ಲಿ ಒಣಗಲು ಬಿಟ್ಟರೆ ಸರಿಹೋಗುತ್ತದೆ, ಬಿಸಿಲಿಗಿಟ್ಟರೆ ಬಿರುಕು ಬಿಡಬಹುದು.

ಯಾವ ಲಾಕ್ ಆದರೂ ತಿಂಗಳಿಗೊಮ್ಮೆ ಪರೀಕ್ಷಿಸಿ. ಬೆರಳುಗಳು ಅಲಗು ಮಡಚುವ ದಾರಿಯಲ್ಲಿ ಇರದಂತೆ ಹಿಡಿದು, ಬೆನ್ನನ್ನು ಮರದ ಹಲಗೆಯ ಮೇಲೆ ನಿಧಾನವಾಗಿ ಒತ್ತಿ ನೋಡಿ. ಬೆನ್ನನ್ನು ಮೇಜಿಗೆ ಬಡಿದು ಪರೀಕ್ಷಿಸುವ ರೂಢಿ ಕೆಲವರಲ್ಲಿದೆ. ಅದರಿಂದ ಒಳ್ಳೆಯ ಲಾಕೂ ಹಾಳಾಗುತ್ತದೆ.

ಉಕ್ಕಿನ ಬಗ್ಗೆ ಎಷ್ಟು ತಲೆ ಕೆಡಿಸಿಕೊಳ್ಳಬೇಕು

ಸ್ವಲ್ಪವೇ ಸಾಕು. ಉಕ್ಕಿನಲ್ಲಿ ನೋಡಬೇಕಾದ ಗುಣಗಳು ಮೂರು: ಹರಿತ ಎಷ್ಟು ಕಾಲ ನಿಲ್ಲುತ್ತದೆ, ಪೆಟ್ಟು ತಡೆದುಕೊಳ್ಳುತ್ತದೆಯೇ, ತುಕ್ಕನ್ನು ಎಷ್ಟು ತಾಳುತ್ತದೆ. ಒಂದನ್ನು ಹೆಚ್ಚಿಸಿದರೆ ಇನ್ನೊಂದು ಸಾಮಾನ್ಯವಾಗಿ ಕುಗ್ಗುತ್ತದೆ. 12ಸಿ27, 14ಸಿ28ಎನ್, 420ಎಚ್‌ಸಿ ಮೊದಲಾದ ಸ್ಟೇನ್‌ಲೆಸ್ ಉಕ್ಕುಗಳು ಬೇಗ ಹರಿತವಾಗುತ್ತವೆ, ತುಕ್ಕಿಗೆ ಸುಲಭವಾಗಿ ಬಗ್ಗುವುದಿಲ್ಲ, ಆದರೆ ರಟ್ಟು ಕತ್ತರಿಸಿದರೆ ಬೇಗ ಮೊಂಡಾಗುತ್ತವೆ. ಡಿ2 ಉಕ್ಕಿನಲ್ಲಿ ಕ್ರೋಮಿಯಂ ಸುಮಾರು 11ರಿಂದ 13 ಶೇಕಡಾ ಇದ್ದರೂ ಅದರಲ್ಲಿ ದೊಡ್ಡ ಪಾಲು ಇಂಗಾಲದೊಡನೆ ಬೆರೆತು ಗಟ್ಟಿ ಕಣಗಳಾಗಿರುವುದರಿಂದ ಅದು ಪೂರ್ಣ ಸ್ಟೇನ್‌ಲೆಸ್ ಅಲ್ಲ. ಬೆವರಿನ ಜೇಬಿನಲ್ಲಿ ಅದಕ್ಕೆ ಚುಕ್ಕಿ ಚುಕ್ಕಿ ತುಕ್ಕು ಬರುತ್ತದೆ. 2001ರಲ್ಲಿ ಬಂದ ಎಸ್30ವಿಯಂಥ, ಲೋಹದ ಪುಡಿಯನ್ನು ಒತ್ತಿ ಕಾಯಿಸಿ ಮಾಡುವ ಪುಡಿಲೋಹ ತಂತ್ರದ ಉಕ್ಕುಗಳು ದೀರ್ಘಕಾಲ ಹರಿತವಾಗಿರುತ್ತವೆ; ಆದರೆ ಅವುಗಳಲ್ಲಿರುವ ವನೇಡಿಯಂ ಕಾರ್ಬೈಡ್ ಕಣಗಳು ಸಾಮಾನ್ಯ ಸಾಣೆಕಲ್ಲಿನ ಅಲ್ಯೂಮಿನಿಯಂ ಆಕ್ಸೈಡಿಗಿಂತ ಗಟ್ಟಿಯಾದ್ದರಿಂದ ಮಸೆಯಲು ವಜ್ರದ ಪುಡಿ ಲೇಪಿಸಿದ ಫಲಕ ಬೇಕಾಗುತ್ತದೆ. ಇನ್ನೊಂದು ಮಾತು: ಒಂದೇ ಹೆಸರಿನ ಉಕ್ಕನ್ನು ಇಬ್ಬರು ತಯಾರಕರು ಬೇರೆ ಬೇರೆ ರೀತಿಯಲ್ಲಿ ಕಾಯಿಸಿ ಹದ ಮಾಡಿದರೆ ಎರಡು ಬೇರೆ ಚಾಕುಗಳೇ ಆಗುತ್ತವೆ. ಆದ್ದರಿಂದ ಅಲಗಿನ ಮೇಲೆ ಕೊರೆದ ಹೆಸರಿಗಿಂತ ತಯಾರಕರ ಹದದ ಮೇಲಿನ ಭರವಸೆ ದೊಡ್ಡದು.

ಸ್ಟೇನ್‌ಲೆಸ್ ಅಲ್ಲದ ಕಾರ್ಬನ್ ಉಕ್ಕು ಮಸೆಯಲು ಬಹಳ ಹಿತ. ಬಳಸುತ್ತ ಅದರ ಮೇಲೆ ಬೂದು ಮಿಶ್ರಿತ ನೀಲಿ ಬಣ್ಣದ ಪದರ ಮೂಡುತ್ತದೆ. ಅದು ತುಕ್ಕಿನ ವೇಗವನ್ನು ತಗ್ಗಿಸುವುದರಿಂದ ಉಜ್ಜಿ ತೆಗೆಯಬೇಕಿಲ್ಲ. ಕೆಂಪಗೆ ಪುಡಿಪುಡಿಯಾಗಿ ಕಂಡರೆ ಮಾತ್ರ ಕೂಡಲೇ ಒರೆಸಿ ಎಣ್ಣೆ ಸವರಬೇಕು.

ಮೊದಲ ವಾರ

ಚಾಕು ಕೈಗೆ ಬಂದೊಡನೆ ಅಲಗನ್ನು ತೆರೆದು ಬೆನ್ನು ಮತ್ತು ಬಾಯಿಯ ದಿಕ್ಕಿನಲ್ಲಿ, ಆಮೇಲೆ ಪಕ್ಕಕ್ಕೆ ಮೆಲ್ಲಗೆ ಅಲುಗಿಸಿ. ಪಕ್ಕದ ಅಲುಗಾಟವನ್ನು ಕೀಲಿನ ಸ್ಕ್ರೂ ಬಿಗಿಮಾಡಿ ಸರಿಪಡಿಸಬಹುದು. ಮೇಲೆ ಕೆಳಗೆ ಅಲುಗುವುದು ಲಾಕಿನ ದೋಷ, ಅಂಥದನ್ನು ಹಿಂದಿರುಗಿಸಿ. ಮಡಚಿದಾಗ ಅಲಗಿನ ತುದಿ ಹಿಡಿಯೊಳಗೆ ಪೂರ್ತಿ ಅಡಗಿದೆಯೇ, ಬಾಯಿ ಯಾವುದಾದರೂ ಲೋಹಕ್ಕೆ ತಾಗುತ್ತಿದೆಯೇ ಎಂದೂ ನೋಡಿ.

ತೆರೆಯುವುದನ್ನು ಎಲ್ಲರೂ ಆಸೆಯಿಂದ ರೂಢಿ ಮಾಡಿಕೊಳ್ಳುತ್ತಾರೆ, ಮಡಚುವುದನ್ನು ಮಾಡುವುದಿಲ್ಲ. ಲೈನರ್ ಲಾಕ್ ಮಡಚುವಾಗ ಹೆಬ್ಬೆರಳು ಪಟ್ಟಿಯನ್ನು ಒತ್ತಲು ಅಲಗಿನ ದಾರಿಯಲ್ಲೇ ಇರುತ್ತದೆ. ಅಲಗು ಸ್ವಲ್ಪ ಮಡಚಿಕೊಂಡ ಕೂಡಲೇ ಹೆಬ್ಬೆರಳನ್ನು ತೆಗೆದು, ಬೆನ್ನನ್ನು ಇನ್ನೊಂದು ಕೈಯಿಂದ ಒತ್ತಿ ಮುಚ್ಚುವುದು ಅಭ್ಯಾಸವಾಗಲಿ. ಅವಸರವಿಲ್ಲದಾಗ ಈ ಚಲನೆಯನ್ನು ಕೈ ಕಲಿತುಕೊಂಡರೆ ಅವಸರದಲ್ಲಿ ಬೆರಳು ಉಳಿಯುತ್ತದೆ.

ದಿನನಿತ್ಯದ ನಡವಳಿಕೆ

ಮೀಟಬೇಡಿ, ತಿರುಚಬೇಡಿ. ಡಬ್ಬದ ಮುಚ್ಚಳ ಎಬ್ಬಿಸಲು, ಸ್ಕ್ರೂ ತಿರುಗಿಸಲು ಬಳಸಿದ ಚಾಕುಗಳ ಮೊನೆ ಮುರಿಯುವುದು ಖಂಡಿತ. ಪೆಟ್ಟಿಗೆ ತೆರೆಯುವ ಮುನ್ನ ಅದರಲ್ಲಿ ಲೋಹದ ಪಿನ್ನುಗಳಿವೆಯೇ ನೋಡಿ, ಬಾಯಿಯನ್ನು ಮುಕ್ಕಾಗಿಸುವವುಗಳಲ್ಲಿ ಅವು ಮುಖ್ಯ. ಆಹಾರವನ್ನು ಮರದ ಹಲಗೆಯ ಮೇಲೆ ಕತ್ತರಿಸಿ. ಪಿಂಗಾಣಿ ತಟ್ಟೆ ಮತ್ತು ಗಾಜು ಹರಿತವನ್ನು ಕೆಲವೇ ಏಟಿಗೆ ಕೊಲ್ಲುತ್ತವೆ. ಹುಳಿ ಹಣ್ಣು ಕತ್ತರಿಸಿದ ಮೇಲೆ ಅಲಗನ್ನು ಒರೆಸದೆ ಮಡಚಬೇಡಿ, ಸಮುದ್ರದ ನೀರು ತಾಗಿದರೆ ಸಿಹಿನೀರಿನಲ್ಲಿ ತೊಳೆದು ಒಣಗಿಸಿ. ಡಿಶ್‌ವಾಷರಿಗೆ ಹಾಕಲೇಬಾರದು.

ಜೇಬಿನ ಅಂಚಿಗೆ ಸಿಕ್ಕಿಸುವ ಕ್ಲಿಪ್ ವ್ಯಾಪಕವಾದದ್ದು 1981ರಲ್ಲಿ ಬಂದ ಸ್ಪೈಡರ್ಕೋ ಸಂಸ್ಥೆಯ ಮಾದರಿಯಿಂದ. ಅನುಕೂಲ ದೊಡ್ಡದೇ, ಆದರೆ ಒರಟಾದ ಜಿ10 ಹಿಡಿಯ ಮೇಲೆ ಬಿಗಿ ಕ್ಲಿಪ್ ಕೂತರೆ ಜೇಬಿನ ಬಟ್ಟೆ ಕೆಲವು ತಿಂಗಳಲ್ಲೇ ನೂಲು ಬಿಡುತ್ತದೆ. ಕ್ಲಿಪ್ಪಿನ ಅಡಿಯಲ್ಲಿರುವ ಹಿಡಿಯ ಭಾಗವನ್ನಷ್ಟೇ ನುಣುಪಾದ ಮರಳುಕಾಗದದಿಂದ ತಿಕ್ಕಿದರೆ ಸಾಕು. ಜಿ10 ಗಾಜಿನ ನೂಲಿನಿಂದ ಮಾಡಿದ ವಸ್ತು, ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಆದ್ದರಿಂದ ಒದ್ದೆ ಮಾಡಿಕೊಂಡು, ಮಾಸ್ಕ್ ಧರಿಸಿ ತಿಕ್ಕಿ.

ತಿಂಗಳಿಗೊಮ್ಮೆ ಶುಚಿ

ಚಾಕು ಬಿಗಿಯಾಯಿತೆಂದು ಎಣ್ಣೆ ಹಾಕುವ ಮುನ್ನ ಕಸ ತೆಗೆಯಬೇಕು. ಕಸದ ಮೇಲೆ ಎಣ್ಣೆ ಬಿದ್ದರೆ ಅದು ಉಜ್ಜುವ ಲೇಪವಾಗಿ ಕೀಲನ್ನು ತಿನ್ನುತ್ತದೆ. ಮರದ ಕಡ್ಡಿಯಿಂದ ನೂಲನ್ನು ಕೆದಕಿ ತೆಗೆಯಿರಿ. ಮರದ ಹಿಡಿಯಲ್ಲದಿದ್ದರೆ ಬೆಚ್ಚಗಿನ ಸಾಬೂನು ನೀರಿನಲ್ಲಿ ಅಲಗನ್ನು ಕೆಲವು ಬಾರಿ ತೆರೆದು ಮಡಚಿ, ತೊಳೆದು, ಪೂರ್ತಿ ಒಣಗಿಸಿ. ಬಳಿಕ ಕೀಲಿಗೆ ಒಂದೇ ಹನಿ ಎಣ್ಣೆ. ಆಹಾರಕ್ಕೆ ತಾಗಿದರೂ ತೊಂದರೆಯಿಲ್ಲದ ಖನಿಜ ತೈಲ ಇದಕ್ಕೆ ಉತ್ತಮ. ಅಡುಗೆ ಎಣ್ಣೆ ಗಾಳಿಗೆ ಕೆಟ್ಟು ಅಂಟಂಟಾಗುವುದರಿಂದ ಅದು ಬೇಡ.

ಪೂರ್ತಿ ಬಿಚ್ಚುವುದು ವಿರಳವಾಗಿರಲಿ. ಪ್ರತಿ ಬಾರಿ ಬಿಚ್ಚಿದಾಗಲೂ ಸಣ್ಣ ಸ್ಕ್ರೂಗಳ ತಲೆ ಸವೆಯುವ ಅಪಾಯವಿದೆ, ಕೆಲವು ತಯಾರಕರ ವಾರಂಟಿಯೂ ಹೋಗುತ್ತದೆ. ಹೆಚ್ಚಿನ ಚಾಕುಗಳಲ್ಲಿರುವುದು ನಕ್ಷತ್ರಾಕಾರದ ಟಾರ್ಕ್ಸ್ ಸ್ಕ್ರೂ, ಟಿ6 ಅಥವಾ ಟಿ8 ಅಳತೆಯದು. ಅಳತೆ ತಪ್ಪಿದ ಬಿಟ್ ಬಳಸಿದರೆ ತಲೆ ಉರುಟಾಗಿ ಮುಂದೆಂದೂ ಬಿಚ್ಚಲಾಗದು. ಕೀಲಿನ ಬಿಗಿಯನ್ನು ಒಂದು ಸುತ್ತಿನ ಎಂಟನೇ ಒಂದು ಭಾಗದಷ್ಟೇ ತಿರುಗಿಸಿ ಬದಲಿಸುತ್ತ ನೋಡಿ. ಸ್ಕ್ರೂ ಮತ್ತೆ ಮತ್ತೆ ಸಡಿಲವಾದರೆ ಸ್ಕ್ರೂವನ್ನು ಹಿಡಿದಿಡುವ ನೀಲಿ ಬಣ್ಣದ ಥ್ರೆಡ್‌ಲಾಕರ್ ದ್ರವವನ್ನು ಅದರ ಸುರುಳಿ ಗೆರೆಗಳ ಮೇಲೆ ಅತ್ಯಲ್ಪವಾಗಿ ಹಚ್ಚಿ. ಕೆಂಪು ಬಗೆಯದನ್ನು ಹಚ್ಚಿದರೆ ಬಿಚ್ಚಲು ಬಿಸಿ ಮಾಡಬೇಕಾಗುತ್ತದೆ.

ಮಸೆಯುವುದು

ಚಾಕುವಿನ ಆಯುಷ್ಯ ನಿಜವಾಗಿ ನಿಂತಿರುವುದು ಇಲ್ಲಿ. ಪೂರ್ತಿ ಮೊಂಡಾಗುವವರೆಗೆ ಕಾಯಬಾರದು. ಕಾದರೆ ಹೆಚ್ಚು ಉಕ್ಕನ್ನು ತೆಗೆಯಬೇಕಾಗುತ್ತದೆ. ದೀಪದ ಕೆಳಗೆ ಬಾಯಿಯನ್ನು ಮೇಲೆ ಮಾಡಿ ಹಿಡಿದು ನೋಡಿ: ಹರಿತವಾದ ಬಾಯಿ ಬೆಳಕನ್ನು ಪ್ರತಿಫಲಿಸುವುದಿಲ್ಲ, ಮೊಂಡಾದ ಜಾಗ ಬಿಳಿ ಗೆರೆಯಾಗಿ ಹೊಳೆಯುತ್ತದೆ. ಚರ್ಮದ ಪಟ್ಟಿಯ ಮೇಲೆ ಬೆನ್ನು ಮುಂದಾಗಿ ಬದಿಗೆ ಹತ್ತು ಬಾರಿ ಎಳೆದರೆ ಬಾಗಿದ ಅಂಚು ನೆಟ್ಟಗಾಗುತ್ತದೆ. ಅದರಿಂದಲೂ ಹರಿತ ಮರಳದಿದ್ದಾಗ ಮಾತ್ರ ಕಲ್ಲಿಗೆ ಹೋಗಿ.

1000 ಗ್ರಿಟ್ಟಿನ (ಕಲ್ಲಿನ ನುಣುಪಿನ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ನುಣುಪು) ಕಲ್ಲೊಂದು, ಮುಕ್ಕುಗಳಿದ್ದರೆ 400ರದೊಂದು, ಚರ್ಮದ ಪಟ್ಟಿಯೊಂದು ಇದ್ದರೆ ಸಾಮಾನ್ಯ ಉಕ್ಕಿನ ಚಾಕುವಿಗೆ ಬೇಕಾದ ಎಲ್ಲವೂ ಇದ್ದಂತೆ. ಕೋನ ಬದಿಗೆ 15ರಿಂದ 20 ಡಿಗ್ರಿ ಇರಲಿ. ಈಗಿರುವ ಕೋನವನ್ನು ಹಿಡಿಯಲು ಅಂಚಿನ ಇಳಿಜಾರಿಗೆ ಮಾರ್ಕರ್ ಪೆನ್ನಿನಿಂದ ಬಣ್ಣ ಬಳಿದು ಕಲ್ಲಿನ ಮೇಲೆ ಒಂದೆರಡು ಬಾರಿ ಎಳೆಯಿರಿ. ಬಣ್ಣ ಮೇಲ್ಭಾಗದಲ್ಲಿ ಮಾತ್ರ ಹೋದರೆ ಬೆನ್ನನ್ನು ಸ್ವಲ್ಪ ಎತ್ತಬೇಕು, ಅಂಚಿನಲ್ಲಿ ಮಾತ್ರ ಹೋದರೆ ಇಳಿಸಬೇಕು. ಕೋನ ಸಿಕ್ಕಿದ ಮೇಲೆ ಒಂದೇ ಬದಿಯನ್ನು ಮಸೆಯುತ್ತ ಹೋಗಿ. ಸ್ವಲ್ಪ ಹೊತ್ತಿನಲ್ಲಿ ಇನ್ನೊಂದು ಬದಿಯ ಅಂಚಿನಲ್ಲಿ ಬೆರಳಿಗೆ ತೊಡರುವಂಥ ಸಣ್ಣ ಲೋಹದ ಸುರುಳಿ ಏಳುತ್ತದೆ. ಬೆರಳನ್ನು ಬೆನ್ನಿನಿಂದ ಹೊರಗೆ ಸವರಿ ನೋಡಬೇಕೇ ಹೊರತು ಅಂಚಿನುದ್ದಕ್ಕೂ ಅಲ್ಲ. ಬುಡದಿಂದ ಮೊನೆಯವರೆಗೆ ಆ ಸುರುಳಿ ಎದ್ದ ಮೇಲಷ್ಟೇ ಬದಿ ಬದಲಿಸಿ. ಎರಡೂ ಬದಿ ಆದಮೇಲೆ ಒತ್ತಡವನ್ನು ಹಂತಹಂತವಾಗಿ ತಗ್ಗಿಸುತ್ತ, ಬಾಯಿ ಮುಂದಾಗಿ, ಬದಿಗೊಂದರಂತೆ ಎಳೆದು ಸುರುಳಿಯನ್ನು ತೆಗೆಯಿರಿ. ಮಸೆದ ದಿನ ಕಾಗದವನ್ನು ಚೆನ್ನಾಗಿ ಕತ್ತರಿಸಿ ಮರುದಿನವೇ ಮೊಂಡಾಗುವ ಚಾಕುಗಳಲ್ಲಿ ಈ ಸುರುಳಿ ಉಳಿದಿರುತ್ತದೆ: ಅಂದು ಕತ್ತರಿಸಿದ್ದು ಸುರುಳಿಯೇ, ಬಾಯಿಯಲ್ಲ. ತಾಳ್ಮೆಯನ್ನೆಲ್ಲ ಈ ಹಂತಕ್ಕೆ ಮೀಸಲಿಡಿ.

ಇನ್ನು ದೀರ್ಘಕಾಲದ ಬಳಕೆಯಲ್ಲಿ ಮಾತ್ರ ಕಾಣಿಸುವ ಸಮಸ್ಯೆಗೆ ಬರೋಣ. ಅಲಗು ಬಾಯಿಯಿಂದ ಬೆನ್ನಿನತ್ತ ದಪ್ಪವಾಗುತ್ತ ಹೋಗುತ್ತದೆ. ಪ್ರತಿ ಬಾರಿ ಮಸೆದಾಗಲೂ ಬಾಯಿ ಸ್ವಲ್ಪ ಸ್ವಲ್ಪವಾಗಿ ಆ ದಪ್ಪ ಭಾಗದೊಳಕ್ಕೆ ಸರಿಯುತ್ತದೆ. ಅಲಗಿನ ಎರಡು ಮೈಗಳ ನಡುವೆ ಒಟ್ಟು 4 ಡಿಗ್ರಿ ಕೋನವಿದೆ ಎಂದುಕೊಳ್ಳಿ. ಅಗಲದಲ್ಲಿ 1 ಮಿಲಿಮೀಟರ್ ಕಳೆದುಹೋದರೆ ಬಾಯಿಯ ಹಿಂದಿನ ದಪ್ಪ ಸುಮಾರು 0.07 ಮಿಲಿಮೀಟರ್ ಹೆಚ್ಚುತ್ತದೆ. ಹೊಸದರಲ್ಲಿ 0.4 ಇದ್ದದ್ದು 3 ಮಿಲಿಮೀಟರ್ ಸವೆದ ಮೇಲೆ 0.6 ಆಗುತ್ತದೆ, ಅಂದರೆ ಒಂದೂವರೆ ಪಟ್ಟು. ಚಾಕು ತೋಳಿನ ಕೂದಲನ್ನು ಬೋಳಿಸುವಷ್ಟು ಹರಿತವಾಗಿದ್ದರೂ ರಟ್ಟಿನಲ್ಲಿ ಸಿಕ್ಕಿಕೊಳ್ಳುತ್ತದೆ, ಹಣ್ಣನ್ನು ಸೀಳುತ್ತದೆ, ಮಾಲೀಕರು ಉಕ್ಕು ಹಾಳಾಯಿತೆಂದು ದೂರುತ್ತಾರೆ. ಉಕ್ಕಿನ ತಪ್ಪು ಏನೂ ಇಲ್ಲ, ಬದಲಾಗಿರುವುದು ಆಕಾರ.

ಇದನ್ನು ಗುರುತಿಸಲು ಉಪಕರಣ ಬೇಡ. ಅಂಚಿನಲ್ಲಿ ಹೊಳೆಯುವ ಇಳಿಜಾರಿನ ಅಗಲವನ್ನು ಗಮನಿಸಿ. ಬದಿಗೆ 20 ಡಿಗ್ರಿಯಲ್ಲಿ ಮಸೆದ, 0.4 ಮಿಲಿಮೀಟರ್ ದಪ್ಪದ ಬಾಯಿಯಲ್ಲಿ ಆ ಪಟ್ಟಿ ಅರ್ಧ ಮಿಲಿಮೀಟರಿಗಿಂತ ಚೂರು ಹೆಚ್ಚಿರುತ್ತದೆ; ಅದು 0.9ರ ಹತ್ತಿರ ಬಂದಿದ್ದರೆ ಅಲಗನ್ನು ತೆಳುಗೊಳಿಸುವ ಸಮಯವಾಗಿದೆ. 400ರ ಕಲ್ಲಿನ ಮೇಲೆ ಅಲಗನ್ನು ಎಂದಿಗಿಂತ ತಗ್ಗಿಸಿ, 10 ಡಿಗ್ರಿಯ ಆಸುಪಾಸಿನಲ್ಲಿ ಹಿಡಿದು, ಇಳಿಜಾರಿನ ಮೇಲಂಚಿನ ಉಬ್ಬನ್ನು ಎರಡೂ ಬದಿ ಸಮನಾಗಿ ಮಸೆದು ತೆಗೆಯಿರಿ. ಇದು ನಿಧಾನದ ಕೆಲಸ, ಅಲಗಿನ ಮೈಮೇಲೆ ಗೀರುಗಳೂ ಬೀಳುತ್ತವೆ, ಆದರೆ ಮುಗಿದ ಮೇಲೆ ಮಾಮೂಲಿ ಕೋನದಲ್ಲಿ ಕೆಲವೇ ಎಳೆತ ಎಳೆದರೆ ಚಾಕು ಹೊಸದಕ್ಕಿಂತ ಚೆನ್ನಾಗಿ ಕತ್ತರಿಸುತ್ತದೆ. ಅಂದವನ್ನು ಉಳಿಸಲು ಈ ಕೆಲಸವನ್ನು ಮುಂದೂಡಬೇಡಿ.

ಎರಡು ಸಾಧನಗಳಿಂದ ದೂರವಿರಿ. ಸಂದಿಯಲ್ಲಿ ಎಳೆದು ಹರಿತಗೊಳಿಸುವ ಗಟ್ಟಿಲೋಹದ ಸಾಧನ ಉಕ್ಕನ್ನು ಮಸೆಯದೆ ಹೆರೆದು ತೆಗೆಯುತ್ತದೆ, ಬಾಯಿಯನ್ನು ಒರಟಾಗಿಸಿ ಅಲಗನ್ನು ಬೇಗ ಸವೆಸುತ್ತದೆ. ವೇಗವಾಗಿ ತಿರುಗುವ ಒಣ ಸಾಣೆಚಕ್ರದಲ್ಲಿ ತೆಳು ಅಂಚು ಕ್ಷಣಗಳಲ್ಲಿ ಕಾಯ್ದು ಹದ ಕಳೆದುಕೊಳ್ಳಬಹುದು. ಅಂಚಿಗೆ ನೀಲಿ ಬಣ್ಣ ಬಂದಿದ್ದರೆ ಅಲ್ಲಿಯ ಉಕ್ಕು ಮೃದುವಾಗಿದೆ ಎಂದೇ ಅರ್ಥ.

ಮುರಿದ ಮೊನೆಯನ್ನು ಸರಿಪಡಿಸುವಾಗ ಬಾಯಿಯ ಬದಿಯಿಂದ ಸವೆಸದೆ ಬೆನ್ನಿನ ಬದಿಯಿಂದ ಸವೆಸಿ. ಬಾಯಿಯ ಬದಿಯಿಂದ ತೆಗೆದರೆ ಹೊಸ ಮೊನೆ ಬೆನ್ನಿನತ್ತ ಏರಿ, ಮಡಚಿದಾಗ ಹಿಡಿಯ ಹೊರಗೆ ಇಣುಕಿ ಕೈಗೂ ಜೇಬಿಗೂ ಚುಚ್ಚುತ್ತದೆ.

ಕಾನೂನು, ಪ್ರಯಾಣ, ನಿವೃತ್ತಿ

ಯಾವ ಚಾಕು ಜೇಬಿನಲ್ಲಿರಬಹುದು ಎಂಬುದು ದೇಶದಿಂದ ದೇಶಕ್ಕೆ ಬಹಳ ಬದಲಾಗುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1988ರ ಕಾಯ್ದೆಯಂತೆ, ಬಾಯಿಯ ಉದ್ದ 3 ಇಂಚು ಮೀರದ ಮಡಚುವ ಚಾಕುವನ್ನು ಸಾರ್ವಜನಿಕ ಸ್ಥಳದಲ್ಲಿ ಒಯ್ಯಲು ಕಾರಣ ಕೊಡಬೇಕಿಲ್ಲ, ಆದರೆ ಲಾಕ್ ಇರುವ ಚಾಕುವಿಗೆ ಈ ವಿನಾಯಿತಿ ಸಿಗುವುದಿಲ್ಲ. ವಿಮಾನದಲ್ಲಿ ಚಾಕು ಕೈಚೀಲದಲ್ಲಿ ಇರದಿರುವುದೇ ಕ್ಷೇಮ: ಐರೋಪ್ಯ ಒಕ್ಕೂಟದ ನಿಯಮ 6 ಸೆಂಟಿಮೀಟರಿಗಿಂತ ಉದ್ದದ ಅಲಗನ್ನು ನಿಷೇಧಿಸಿದರೆ, ಅಮೆರಿಕದಲ್ಲಿ ಸಣ್ಣ ಜೇಬುಚಾಕುವಿಗೂ ಅವಕಾಶವಿಲ್ಲ. ಕೊಳ್ಳುವ ಮುನ್ನ ನೀವಿರುವ ಊರಿನ ನಿಯಮವನ್ನೂ, ಹೊರಡುವ ಮುನ್ನ ಹೋಗುವ ಊರಿನ ನಿಯಮವನ್ನೂ ಓದಿಕೊಳ್ಳಿ.

ಬಹಳ ದಿನ ಬಳಸದೆ ಇಡುವಾಗ ಚರ್ಮದ ಚೀಲದಲ್ಲಿಡಬೇಡಿ. ಚರ್ಮ ಹೀರಿದ ತೇವ ಮತ್ತು ಹದಮಾಡಲು ಬಳಸಿದ ರಾಸಾಯನಿಕಗಳು ಉಕ್ಕಿಗೂ ಹಿತ್ತಾಳೆಗೂ ಕಲೆ ಹಿಡಿಸುತ್ತವೆ. ತೆಳುವಾಗಿ ಎಣ್ಣೆ ಸವರಿ, ಒಣ ಬಟ್ಟೆಯಲ್ಲಿ ಸುತ್ತಿಡಿ.

ಅಲಗು ಸವೆದು ಕಿರಿದಾಗಿದೆ ಎಂಬ ಕಾರಣಕ್ಕೆ ಚಾಕುವನ್ನು ಬಿಡಬೇಕಿಲ್ಲ. ತೆಳುವಾಗಿ ಮಸೆದ ಕಿರಿದಾದ ಅಲಗು ಹಣ್ಣಿಗೂ ದಾರಕ್ಕೂ ಬಹಳ ಚೆನ್ನಾಗಿ ಒದಗುತ್ತದೆ. ಶುಚಿ ಮಾಡಿ, ಕೀಲು ಬಿಗಿ ಮಾಡಿದ ಮೇಲೂ ಲಾಕ್ ಜಾರುತ್ತಿದ್ದರೆ ಮಾತ್ರ ಮೊದಲು ತಯಾರಕರಿಗೆ ಕಳಿಸಿ ನೋಡಿ, ಅವರಿಂದಲೂ ಆಗದಿದ್ದರೆ ಬಳಕೆಯಿಂದ ತೆಗೆಯಿರಿ. ಅಂಥದನ್ನು ಬೇರೊಬ್ಬರಿಗೆ ಕೊಡಬಾರದು. ಬಾಯಿಯನ್ನು ಕಲ್ಲಿಗೆ ಉಜ್ಜಿ ಮೊಂಡಾಗಿಸಿ, ಮಡಚಿದ ಚಾಕುವನ್ನು ತೆರೆದುಕೊಳ್ಳದಂತೆ ರಟ್ಟು ಸುತ್ತಿ ಅಂಟುಪಟ್ಟಿ ಬಿಗಿದು, ಲೋಹದ ಗುಜರಿಗೆ ಹಾಕಿ.